ನೂರಕ್ಕೆ ಎಂಟು

ಚಿಮ್ಮನಚೋಡದಿಂದ ಚಿಂಚೋಳಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲುಂಬಿನಿ ಒಂದು ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದಳು. ‘ಮೇಡಂ, ಇದರಾಗ ಇನ್ನೊಂದು ಸಾಲು ಇತ್ರಿ, ಸರ್ ತೆಗಿ ಅಂದ್ರು.’ ವಾಕ್ಯ ಸಣ್ಣದು, ಆದರೆ ಪ್ರತಿಸಲ ಬೇರೆ ಥರ ಹೊರಬೀಳುತ್ತಿತ್ತು. ‘ಸರ್’ ಅನ್ನುವುದು ಮುಂದೆ ಬಂದರೆ ಚಾಡಿ ಹೇಳಿದಂತೆ ಕೇಳುತ್ತಿತ್ತು. ಹಿಂದೆ ಹೋದರೆ ಕ್ಷಮೆ ಕೇಳಿದಂತೆ. ಪೂರಾ ಬಿಟ್ಟುಬಿಟ್ಟರೆ ವಾಕ್ಯ ಹಗುರಾಗಿ, ಸಲೀಸಾಗಿ, ಸುಳ್ಳಾಗುತ್ತಿತ್ತು. ಎದುರು ಸೀಟಿನ ಮುದುಕಿ ಇವಳ ತುಟಿಯನ್ನೇ ನೋಡುತ್ತಿದ್ದಳು. ಪರೀಕ್ಷೆಗೆ ಹೊರಟ ಹುಡುಗಿ ದೇವರ ಹೆಸರು ಜಪಿಸುತ್ತಿದೆ ಅಂದುಕೊಂಡಳೋ ಏನೋ, ಇಳಿಯುವಾಗ ತಲೆ ಸವರಿ ಹೋದಳು. ಲುಂಬಿನಿಗೆ ನಗು ಬಂತು. ನಗು ಬಂದದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು, ಯಾಕೆಂದರೆ ಇವತ್ತು ನಗುವ ದಿನವಲ್ಲ ಎಂದು ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೇ ತೀರ್ಮಾನಿಸಿದ್ದಳು. ಆದರೆ ಬಿಸಿಲು ಎಳೆಯದಾಗಿತ್ತು, ರಾಶಿ ಮುಗಿದ ಹೊಲಗಳಲ್ಲಿ ತೊಗರಿ ಕಟ್ಟಿಗೆಯ ಬಣವೆಗಳು ಸ್ನಾನ ಮಾಡಿ ಕೂತವರಂತೆ ಕಾಣುತ್ತಿದ್ದವು, ಕಂಡಕ್ಟರ್ ಹರಿದುಕೊಟ್ಟ ಸೊನ್ನೆ ರೂಪಾಯಿಯ ಟಿಕೀಟು ಬೆರಳ ಸಂದಿಯಲ್ಲಿ ಪಟಪಟ ಅನ್ನುತ್ತಿತ್ತು. ಸಿಟ್ಟು ಮುಂದಿನ ಸ್ಟಾಪಿನತನಕವೂ ಬಾಳಲಿಲ್ಲ.

ಮಡಿಲಲ್ಲಿ ರೆಕಾರ್ಡ್ ಪುಸ್ತಕವಿತ್ತು, ಅದರೊಳಗೆ ಪ್ರಾಜೆಕ್ಟ್. ದ್ವಿತೀಯ ಪಿಯುಸಿಯ ಕಂಪ್ಯೂಟರ್ ಸೈನ್ಸಿನ ಮೂವತ್ತೊಂದು ಮಂದಿಯಲ್ಲಿ ಹದಿನಾಲ್ಕು ಮಂದಿ ಗ್ರಂಥಾಲಯದ ಪ್ರೋಗ್ರಾಂ ಮಾಡಿದ್ದರು, ತಮ್ಮ ಕಾಲೇಜಿನ ಗ್ರಂಥಾಲಯದ ಬೀಗ ತೆಗೆದದ್ದನ್ನು ಅವರಲ್ಲಿ ಒಬ್ಬರೂ ಕಂಡಿರಲಿಲ್ಲ. ಉಳಿದವರಲ್ಲಿ ಕೆಲವರು ಬ್ಯಾಂಕು, ಕೆಲವರು ಆಸ್ಪತ್ರೆ. ಲುಂಬಿನಿಯದು ಫರಶಿ. ಕೋಣೆಯ ಉದ್ದ ಅಗಲ ಕೊಟ್ಟರೆ ನೆಲಕ್ಕೆ ಎಷ್ಟು ಶಹಾಬಾದಿ ಕಲ್ಲು ಬೇಕು ಎಂದು ಹೇಳುವ ಪ್ರೋಗ್ರಾಂ. ಅವಳಪ್ಪ ದೇವಿಂದ್ರಪ್ಪ ಮೂವತ್ತು ವರ್ಷದಿಂದ ನೆಲಕ್ಕೆ ಕಲ್ಲು ಹಾಕುವ ಗೌಂಡಿ. ಚಿಂಚೋಳಿ, ಚಂದಾಪುರದ ಅರ್ಧ ಊರು ಅವನು ಹಾಸಿದ ಕಲ್ಲಿನ ಮೇಲೆಯೇ ಮಲಗಿ ಏಳುತ್ತದೆ ಎಂದು ಅವ್ವ ಸಾಬಮ್ಮ ಹೇಳುವುದುಂಟು. ನೀ ಹ್ಯಾಂಗ ಲೆಕ್ಕ ಹಾಕ್ತಿ ಎಂದು ಕೇಳಿದಾಗ ಅಪ್ಪ ತುಸು ಗಾಬರಿಯಾಗಿದ್ದ. ಅವನು ಲೆಕ್ಕ ಹಾಕುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಒಳಗಿನಿಂದ ಯಾರೋ ಕರೆದಂತೆ ಕತ್ತು ಹೊರಳಿಸಿ, ಒಂದು ಸಂಖ್ಯೆ ಹೇಳುತ್ತಿದ್ದ, ಅಷ್ಟೇ. ಬಿಡದೆ ಕೇಳಿದ್ದಕ್ಕೆ ಎರಡು ದಿನ ಯೋಚಿಸಿ, ಊಟಕ್ಕೆ ಕೂತಾಗ ಹೇಳಿದ: ನೆಲಕ್ಕೆ ಎಷ್ಟು ಬೇಕೋ ಅಷ್ಟು, ಅದರ ಮೇಲೆ ನೂರಕ್ಕೆ ಎಂಟು. ಒಂದೆರಡು ದಾರಿಯಲ್ಲಿ ಒಡೆಯುತ್ತವೆ, ಒಂದೆರಡು ಕೊಯ್ಯುವಾಗ, ಉಳಿದದ್ದು ಮೂಲೆ ತಿನ್ನುತ್ತದೆ. ಮೂಲೆ ತಿನ್ನುತ್ತದೆ ಅನ್ನುವ ಮಾತು ಲುಂಬಿನಿಗೆ ಎಷ್ಟು ಹಿಡಿಸಿತೆಂದರೆ, ಪೈಥಾನಿನಲ್ಲಿ ಆ ನೂರಕ್ಕೆ ಎಂಟರ ಸಾಲು ಬರೆಯುವಾಗ ಅದಕ್ಕೆ ‘ಮೂಲೆ’ ಎಂದೇ ಹೆಸರಿಟ್ಟಳು.

ಆ ಸಾಲಿನ ಮೇಲೆ ಪ್ರಾಣೇಶ ಸರ್ ಕೆಂಪು ಗೆರೆ ಎಳೆದದ್ದು ದಸರಾ ರಜೆ ಮುಗಿದ ವಾರ. ಕೆಟ್ಟ ಮನುಷ್ಯರಲ್ಲ ಅವರು. ಹೆಣ್ಣುಮಕ್ಕಳ ಬೆಂಚಿನ ಹತ್ತಿರ ಬಂದಾಗ ದನಿ ತಗ್ಗಿಸಿ ಮಾತಾಡುವವರು, ಕರೆಂಟ್ ಹೋದರೆ ಮಾನಿಟರಿನ ಚಿತ್ರ ಬೋರ್ಡಿನ ಮೇಲೆ ಬರೆದು ಪಾಠ ಮುಗಿಸುವವರು. ಪ್ರೋಗ್ರಾಂ ಅಂದಮೇಲೆ ಪ್ರತಿಯೊಂದು ಅಂಕಿಗೂ ಆಧಾರ ಬೇಕು ಎನ್ನುವುದು ಅವರ ನೇಮ. ಈ ಎಂಟು ಎಲ್ಲಿಂದ ಬಂತು ಎಂದು ಕೇಳಿದರು. ನಮ್ಮಪ್ಪ ಹೇಳ್ತಾರ್ರಿ ಸರ್, ಅಂದಳು ಲುಂಬಿನಿ. ಕ್ಲಾಸು ನಕ್ಕಿತು. ಮುಂದಿನ ಬೆಂಚಿನ ಅಭಯ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ, ಎಲ್ಲರೂ ನಿಲ್ಲಿಸಿದ ಮೇಲೆ ನಕ್ಕ. ಆ ಒಂಟಿ ನಗು ಇವಳ ಕಿವಿಯಲ್ಲಿ ಎಷ್ಟೋ ದಿನ ಉಳಿಯಿತು. ಸರ್ ನಗಲಿಲ್ಲ. ನಿಮ್ಮಪ್ಪನ ಮಾತು ತಪ್ಪಂತಲ್ಲವ್ವಾ, ಆದರೆ ಪರೀಕ್ಷಕರು ಬಂದು ಕೇಳಿದಾಗ ಅಪ್ಪ ಅಂದರೆ ನಡೆಯುವುದಿಲ್ಲ ಎಂದು ಸಮಾಧಾನವಾಗಿಯೇ ಹೇಳಿ, ಗೆರೆ ಎಳೆದು, ಪಕ್ಕದಲ್ಲಿ ‘ಆಧಾರ?’ ಎಂದು ಬರೆದರು. ಲುಂಬಿನಿ ಆ ಸಾಲು ಅಳಿಸಿದಳು. ಅಳಿಸಿದ ಮೇಲೆ ಪ್ರೋಗ್ರಾಂ ಎಷ್ಟು ಚೊಕ್ಕ ಕಂಡಿತೆಂದರೆ ಮನಸ್ಸಿನೊಳಗೆ ಸಣ್ಣ ಖುಷಿಯೂ ಆಯಿತು. ಈಗ ಬಸ್ಸಿನಲ್ಲಿ ಕೂತು, ಸರಿಯಾಗಿ ನೆನಪಿಸಿಕೊಂಡರೆ, ಅವಳಿಗೆ ಚುಚ್ಚುತ್ತಿದ್ದದ್ದು ಕ್ಲಾಸಿನ ನಗುವಲ್ಲ, ಆ ಖುಷಿ.

ಸರ್ ಚಂದಾಪುರದಲ್ಲಿ ಮನೆ ಕಟ್ಟಿಸುತ್ತಿದ್ದರು. ನೆಲದ ಕೆಲಸ ದೇವಿಂದ್ರಪ್ಪನದು. ಒಂದು ಭಾನುವಾರ ಅಪ್ಪನ ಜೊತೆ ಟೇಪು ಹಿಡಿಯಲು ಹೋದ ಲುಂಬಿನಿಯನ್ನು ಕಂಡು ಸರ್‌ಗೆ ಉಮೇದಿ ಬಂತು. ಲ್ಯಾಪ್‌ಟಾಪ್ ತರಿಸಿ ಸಿಮೆಂಟಿನ ಚೀಲದ ಮೇಲೆ ಇಟ್ಟು, ಪ್ರತಿ ಕೋಣೆ ಅಳೆಯಿಸಿ, ಅವಳ ಪ್ರೋಗ್ರಾಮಿಗೆ ಅಳತೆ ಕೊಟ್ಟರು. ಹಾಲು, ಅಡುಗೆಮನೆ, ಎರಡು ಮಲಗುವ ಕೋಣೆ, ದೇವರ ಕೋಣೆ. ದೇವರ ಕೋಣೆಯ ಮೂಲೆಯಲ್ಲಿ ಟೇಪಿನ ತುದಿ ಒತ್ತಿ ಹಿಡಿದು ಕುಕ್ಕರುಗಾಲಲ್ಲಿ ಕೂತಾಗ, ಈ ಮನೆಯಲ್ಲಿ ತಾನು ಹೊಗದ ಜಾಗ ಇನ್ನೊಂದಿಲ್ಲವಲ್ಲ ಎಂದು ಲುಂಬಿನಿಗೆ ಅನಿಸಿತ್ತು. ಸರ್ ಮನೆಯವರಾದ ನರ್ಮದಾಬಾಯಿ ಪಕ್ಕದಲ್ಲಿ ನಿಂತು, ಲುಂಬಿನಿ ಅಂದರೆ ಊರಿನ ಹೆಸರಲ್ಲವೇ ಎಂದು ನಗುತ್ತ ಕೇಳಿದ್ದರು. ಹೌದ್ರಿ, ಬುದ್ಧ ಹುಟ್ಟಿದೂರು, ನಮ್ಮಪ್ಪ ಇಟ್ಟಾನ, ಎಂದು ಇವಳೂ ನಗುತ್ತ ಹೇಳಿದ್ದಳು. ಸ್ಕ್ರೀನಿನ ಮೇಲೆ ಉತ್ತರ ಮೂಡಿತು: ಇನ್ನೂರಾ ಹದಿನಾಲ್ಕು. ಸರ್ ಅದನ್ನು ಗಟ್ಟಿಯಾಗಿ ಓದಿ ದೇವಿಂದ್ರಪ್ಪನ ಕಡೆ ತಿರುಗಿ, ಏನಂತೀಯಪ್ಪಾ ಎಂದು ಕೇಳಿದರು. ಅಪ್ಪ ಕೋಣೆಯ ಕಡೆ ನೋಡಲಿಲ್ಲ. ಮಗಳ ಮುಖ ನೋಡಿದ, ಸ್ಕ್ರೀನ್ ನೋಡಿದ. ಅಷ್ಟೇ ತರಸ್ರಿ ಸರ್, ಅಂದ.

ಹದಿನೇಳು ಕಡಿಮೆ ಬಿದ್ದವು. ಹಾಲಿನ ಕೊನೆಯ ಭಾಗ ಬರಿನೆಲವಾಗಿ ಉಳಿದ ಹೊತ್ತಿಗೆ ಶಹಾಬಾದಿನ ಆ ಖಣಿಯಲ್ಲಿ ಆ ಥರದ ಕಲ್ಲು ಮುಗಿದಿತ್ತು. ಮತ್ತೊಂದು ಖಣಿಯಿಂದ ಬಂದ ಹದಿನೇಳು ಕಲ್ಲಿಗೆ ಹಳದಿ ಛಾಯೆ. ಗೃಹಪ್ರವೇಶಕ್ಕೆ ಆರು ದಿನವಿತ್ತು. ದೇವಿಂದ್ರಪ್ಪ ಆ ಹದಿನೇಳನ್ನೂ ಕಿಟಕಿಯ ಕೆಳಗೆ ಒಟ್ಟಾಗಿ ಹಾಕಿ, ಮೇಲೆ ದಿವಾನ್ ಇಟ್ಟರೆ ಕಾಣುವುದಿಲ್ಲ ಎಂದ. ಕಾಣುವುದಿಲ್ಲ ನಿಜ, ಆದರೆ ಅಂದಿನಿಂದ ಕಿಟಕಿ ತೆಗೆಯಬೇಕಾದರೆ ಸರ್ ದಿವಾನ್ ಹತ್ತಬೇಕು. ಲೆಕ್ಕ ಎಲ್ಲಿ ತಪ್ಪಿತು ಎಂದು ನರ್ಮದಾಬಾಯಿ ಕೇಳಿದಾಗ ಲುಂಬಿನಿ ಅಲ್ಲೇ ಇದ್ದಳು, ಕೈಯಲ್ಲಿ ಟೇಪು ಸಹ ಇತ್ತು. ನಂದೇ ತಪ್ಪಿತ್ರಿ ಅಕ್ಕೋರೇ, ಅಂದ ಅಪ್ಪ. ಒಂದು ಮಾತು ಆಡಬೇಕಾದ ಹೊತ್ತು ಅದು. ಅವಳು ಟೇಪಿನ ಗುಂಡಿ ಒತ್ತಿದಳು, ಅದು ಸರ್ರನೆ ಒಳಗೆ ಸುತ್ತಿಕೊಂಡಿತು, ಅಷ್ಟರಲ್ಲಿ ಹೊತ್ತು ದಾಟಿತು. ಸರ್‌ಗೂ ಆ ಉತ್ತರ ಅನುಕೂಲವಾಗಿಯೇ ಇತ್ತು. ಕ್ಷೇತ್ರಫಲದ ಲೆಕ್ಕ ಸರಿಯಿದೆ, ಕಲ್ಲು ಒಡೆದದ್ದು ಕೈಯಿಂದ; ಪ್ರೋಗ್ರಾಮಿನದೇನು ತಪ್ಪು? ಗೃಹಪ್ರವೇಶದ ದಿನ ಕೆಲಸದವರೆಲ್ಲರಿಗೂ ಹೊರಗೆ ಶಾಮಿಯಾನದ ಕೆಳಗೆ ಹೋಳಿಗೆ ಊಟವಿತ್ತು. ಉಂಡು ಕೈತೊಳೆದು, ನೆಲ ಹೇಗೆ ಕಾಣುತ್ತಿದೆ ನೋಡೋಣವೆಂದು ಲುಂಬಿನಿ ಹೊಸ್ತಿಲತನಕ ಹೋದಳು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಅಪ್ಪ ತಿಕ್ಕಿ ತಿಕ್ಕಿ ಹೊಳಪಿಟ್ಟ ಕಲ್ಲಿನ ಮೇಲೆ ರಂಗೋಲಿ, ಒದ್ದೆ ಹೆಜ್ಜೆಗಳು. ಸ್ವಲ್ಪ ಹೊತ್ತು ನಿಂತು, ಚಪ್ಪಲಿ ಹುಡುಕುವ ನೆಪ ಮಾಡಿ ತಿರುಗಿ ಬಂದಳು.

ಅಷ್ಟಕ್ಕೇ ಮುಗಿದಿದ್ದರೆ ಇವತ್ತಿನ ವಾಕ್ಯ ಬೇಕಾಗುತ್ತಿರಲಿಲ್ಲ. ಚಂದಾಪುರದಲ್ಲಿ ಅಂಬರಾಯ ಎನ್ನುವ ಗುತ್ತಿಗೆದಾರ ಒಂದು ಕಲ್ಯಾಣಮಂಟಪ ಕಟ್ಟಿಸುತ್ತಿದ್ದ. ಅದರ ನೆಲ ದೇವಿಂದ್ರಪ್ಪನಿಗೇ ಎಂದು ಮಾತಾಗಿತ್ತು; ಅಷ್ಟು ದೊಡ್ಡ ಹಾಲು ಅವನು ಹಿಂದೆ ಹಾಕಿದ್ದಿಲ್ಲ, ಒಂದು ತಿಂಗಳು ಅದರದೇ ಮಾತಾಡಿದ್ದ. ಸಂಕ್ರಾಂತಿ ಮುಗಿದ ಮೇಲೆ ಅದು ಬೇರೆಯವರ ಪಾಲಾಯಿತು. ಅಂಬರಾಯ ಸಂತೆಯಲ್ಲಿ ಸಿಕ್ಕು ತಾನೇ ಕಾರಣ ಹೇಳಿದನಂತೆ: ಪ್ರಾಣೇಶ ಸರ್ ಅಂದರು, ದೇವಿಂದ್ರಪ್ಪನ ಕೈ ಚಲೋ, ಲೆಕ್ಕ ಕಚ್ಚಾ. ಅಪ್ಪ ಅದನ್ನು ಮನೆಗೆ ಬಂದು ಯಾರದೋ ಸುದ್ದಿಯಂತೆ ಹೇಳಿ, ಮಜ್ಜಿಗೆ ಕೇಳಿದ. ಅಪ್ಪನಿಗೆ ಎಲ್ಲ ಗೊತ್ತಿತ್ತು ಎಂದು ಲುಂಬಿನಿ ಅವತ್ತೇ ತಿಳಿದುಕೊಂಡಳು. ಇನ್ನೂರಾ ಹದಿನಾಲ್ಕು ಸಾಲದು ಎಂದು ಗೊತ್ತಿದ್ದೂ, ಮಗಳ ಮುಖ ನೋಡಿ, ಸರ್ ಎದುರು ಅವಳ ಮಾತು ಬೀಳಬಾರದೆಂದು ನುಂಗಿಕೊಂಡಿದ್ದಾನೆ. ಹಾಗೆ ತಿಳಿದುಕೊಂಡದ್ದರಲ್ಲಿ ನೋವು ಎಷ್ಟಿತ್ತೋ ಅಷ್ಟೇ ಸುಖವೂ ಇತ್ತು. ತನಗಾಗಿ ಒಬ್ಬರು ಹೆಸರು ಕೆಡಿಸಿಕೊಂಡಿದ್ದಾರೆ ಎನ್ನುವುದು ಹದಿನೇಳು ವರ್ಷದ ಹುಡುಗಿಗೆ ಸಣ್ಣ ಸಂಗತಿಯಲ್ಲ.

ಲ್ಯಾಬಿನಲ್ಲಿ ಪರೀಕ್ಷಕಿಯಾಗಿ ಸೇಡಂನಿಂದ ಬಂದ ಸರಿತಾ ಮೇಡಂ ಒಂಬತ್ತನೆಯ ಗ್ರಂಥಾಲಯದಲ್ಲಿದ್ದರು. ಅಗಲ ಮುಖ, ದೊಡ್ಡ ದನಿ, ಮುಂದೆ ತಟ್ಟೆಯಲ್ಲಿ ಅರ್ಧ ಕಡಿದ ಬಿಸ್ಕೀಟು. ಅಭಯ ಗ್ರಂಥಾಲಯಕ್ಕೆ ಪುಸ್ತಕ ಸೇರಿಸುವುದು ಹೇಗೆಂದು ತೋರಿಸುತ್ತಿದ್ದ. ಸೇರಿಸಿದ ಪುಸ್ತಕವನ್ನು ತೆಗೆಯುವುದು ಹೇಗೆ ಎಂದು ಅವರು ಕೇಳಿದ್ದಕ್ಕೆ, ಅದು ಮುಂದಿನ ವರ್ಷ ಬರ್ತದ್ರಿ ಮೇಡಂ ಅಂದ. ಹೊರಗೆ ಸಾಲಲ್ಲಿ ನಿಂತಿದ್ದ ಲುಂಬಿನಿಗೆ ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ಕಂಡಿತು. ಪಾಪ ಅನಿಸಿತು. ಇಷ್ಟು ದಿನ ಕಿವಿಯಲ್ಲಿ ಇಟ್ಟುಕೊಂಡಿದ್ದ ಆ ಒಂಟಿ ನಗು ಈ ಬೆವರಿನ ಹುಡುಗನದೇ ಹೌದೋ ಅಲ್ಲವೋ ಎನ್ನುವಷ್ಟು ಚಿಕ್ಕದಾಯಿತು. ಪ್ರಾಣೇಶ ಸರ್ ಮೇಜಿನ ಪಕ್ಕ ನಿಂತು ಹಾಜರಿ ಹಾಳೆ ಸರಿಮಾಡುತ್ತಿದ್ದರು, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಹಣೆಯಲ್ಲಿ ತೆಳ್ಳಗಿನ ಅಂಗಾರದ ಗೆರೆ. ಅವಳನ್ನು ಕಂಡು, ಹೆದರಬೇಡ ಎನ್ನುವಂತೆ ಕಣ್ಣಲ್ಲೇ ಹೇಳಿದರು. ಅವರು ಹಾಗೆ ಮಾಡಬಾರದಿತ್ತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯದ ಒಂದು ಕಾಲು ಅಲ್ಲೇ ಮುರಿಯಿತು.

ಇನ್ನೊಂದು ಗ್ರಂಥಾಲಯವೋ ಎಂದು ಮೇಡಂ ಕೇಳಿದರು. ಅಲ್ರಿ ಮೇಡಂ, ಫರಶಿ, ಅಂದಳು. ಮೇಡಂ ಬಿಸ್ಕೀಟು ಕೆಳಗಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ಹೋದ ವರ್ಷವಷ್ಟೇ ಸೇಡಂನಲ್ಲಿ ನಿಂತು ನೆಲ ಹಾಕಿಸಿದವರು. ಹನ್ನೊಂದು ಅಡಿ ಉದ್ದ, ಒಂಬತ್ತು ಅಗಲದ ಒಂದು ಕೋಣೆ ಕೊಡು ನೋಡೋಣ ಎಂದರು. ಲುಂಬಿನಿ ಕೊಟ್ಟಳು. ಎರಡಡಿ ಚೌಕದ ಕಲ್ಲು ಇಪ್ಪತ್ತೈದು ಎಂದಿತು ಪ್ರೋಗ್ರಾಂ. ತಮ್ಮಲ್ಲಿ ಇಪ್ಪತ್ತೇಳು ಹಿಡಿದಿದ್ದವು, ತಾವೇ ಎಣಿಸಿದ್ದು ಎಂದರು ಮೇಡಂ. ಇದನ್ನು ಎಲ್ಲಿಯಾದರೂ ನಿಜವಾದ ಮನೆಯಲ್ಲಿ ಪರೀಕ್ಷೆ ಮಾಡಿದ್ದೀಯಾ?

“ಮಾಡೀನ್ರಿ. ಫೇಲ್ ಆತ್ರಿ.”

ಹೇಳಿದ ಮೇಲೆ ಅವಳಿಗೆ ಆಶ್ಚರ್ಯವಾಯಿತು. ಕಟ್ಟಿಕೊಂಡು ಬಂದ ವಾಕ್ಯ ಇದಲ್ಲ. ಇದು ಎಲ್ಲಿಂದ ಬಂತೋ, ಬಂದು ಮುಂದೆ ಕೂತುಬಿಟ್ಟಿತು. ಹಾಜರಿ ಹಾಳೆಯ ಸದ್ದು ನಿಂತಿತು. ಯಾಕೆ ಫೇಲಾಯಿತು ಎಂದು ಮೇಡಂ ಕೇಳಿದರು. ನೂರಕ್ಕೆ ಎಂಟು ಹೆಚ್ಚಿಗೆ ತರಿಸುವ ಒಂದು ಸಾಲು ಇತ್ತು, ಅದನ್ನು ತೆಗೆದೆ ಎಂದಳು. ಯಾಕೆ ತೆಗೆದೆ? ಆಧಾರ ಇರಲಿಲ್ಲ. ಯಾರು ಹಾಗಂದವರು? ಇಲ್ಲಿ ಒಂದು ಸಣ್ಣ ದಾರಿ ತೆರೆದಿತ್ತು, ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ನನಗೇ ಅನಿಸಿತು ಎಂದುಬಿಟ್ಟರೆ ಎಲ್ಲರೂ ಆರಾಮ. ಅಂಕಪಟ್ಟಿಗೆ ಸಹಿ ಹಾಕುವ ಎರಡು ಕೈಗಳಲ್ಲಿ ಒಂದು ಇಲ್ಲಿ ತನ್ನ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿದೆ. ಟೇಪಿನ ಗುಂಡಿ ಒತ್ತಿದಷ್ಟು ಸುಲಭ. ಅವಳ ಕಣ್ಣಿಗೆ ಮಾತ್ರ, ಯಾವ ಸಂಬಂಧವೂ ಇಲ್ಲದೆ, ಅಪ್ಪ ಮಜ್ಜಿಗೆಯ ತಂಬಿಗೆ ಎತ್ತಿ ಗಟಗಟ ಕುಡಿಯುವಾಗ ಗಂಟಲ ಮಣಿ ಮೇಲೆ ಕೆಳಗೆ ಆದದ್ದು ಕಂಡಿತು.

“ಸರ್ ಅಂದಿದ್ರು ರಿ,” ಎಂದಳು. “ಆಮ್ಯಾಲ ಅವ್ರ ಮನಿಗೇ ಅಳತಿ ಕೊಟ್ಟೀವ್ರಿ. ಹದಿನೇಳು ಕಡಿಮಿ ಬಿದ್ದು. ತಪ್ಪು ನಮ್ಮಪ್ಪನ ಮ್ಯಾಲ ಬಂತು. ಅಪ್ಪಂದಲ್ರಿ ಅದು, ಪ್ರೋಗ್ರಾಮಿಂದು.”

ಸರ್ ಅವಳ ಕೈಯಿಂದ ರೆಕಾರ್ಡ್ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿದರು. ಕೆಂಪು ಗೆರೆ ಸಿಕ್ಕಿತು, ಪಕ್ಕದಲ್ಲಿ ತಮ್ಮದೇ ಅಕ್ಷರವೂ. ಅವರು ಅದನ್ನು ಪೂರಾ ಮರೆತಿದ್ದರು ಎನ್ನುವುದು ಕಿವಿಯ ತುದಿ ಕೆಂಪಾದದ್ದರಲ್ಲಿ ಗೊತ್ತಾಯಿತು. ಮರೆತದ್ದು ಬೇಕೆಂದಲ್ಲ, ಮನೆ ಕಟ್ಟುವ ಗದ್ದಲದಲ್ಲಿ, ಎಲ್ಲರೂ ತಮಗೆ ಬೇಡದ್ದನ್ನು ಮರೆಯುವಂತೆ. ಮೇಡಂ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡಿದರು.

“ನಾನೇ ಹೇಳೀನ್ರಿ ಮೇಡಂ,” ಎಂದರು ಸರ್ ಕೊನೆಗೆ, ಕನ್ನಡಕ ತೆಗೆದು. “ಆಧಾರ ಇಲ್ಲಂತ ಹೊಡದು ಹಾಕೀನಿ. ಈಗ ದಿನಾ ಆ ಆಧಾರದ ಮ್ಯಾಲೇ ದಿವಾನ್ ಹಾಕ್ಕೊಂಡು ಕೂಡ್ಲಿಕ್ಕೆ ಹತ್ತೀನಿ.”

ಕಿಟಕಿ ತೆಗೆಯುವ ಸಂಗತಿ ಕೇಳಿದ ಮೇಲೆ ಸರಿತಾ ಮೇಡಂ ನಕ್ಕ ನಗು ಕಾರಿಡಾರಿನ ಕೊನೆಯತನಕ ಹೋಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಎಷ್ಟು ಅಂಕವೋ ಏನೋ, ಕೈ ಅಡ್ಡ ಹಿಡಿದು ಬರೆದರು. ಸಾಲನ್ನು ಮತ್ತೆ ಸೇರಿಸು, ಆಧಾರ ಎಂದು ಕೇಳಿದ ಕಡೆ ನಿಮ್ಮಪ್ಪನ ಹೆಸರು, ಕೆಲಸ ಮಾಡಿದ ವರ್ಷ ಬರಿ, ಅಷ್ಟು ಸಾಕು ಎಂದರು. ಲುಂಬಿನಿ ಹೊರಗೆ ಬಂದಳು. ನೀರಿನ ನಲ್ಲಿಯ ಹತ್ತಿರ ನಿಂತು ಎರಡು ಬೊಗಸೆ ಕುಡಿದಳು. ಹಿಂದೆ ಸರ್ ಫೋನಿನಲ್ಲಿ ಮಾತಾಡುತ್ತಿದ್ದರು, ಅಂಬರಾಯನ ಜೊತೆ, ಇವಳಿಗೆ ಕೇಳಲಿ ಎಂದೇ ಸ್ವಲ್ಪ ಗಟ್ಟಿಯಾಗಿ. ಲೆಕ್ಕ ತಪ್ಪಿದ್ದು ತನ್ನಿಂದ, ದೇವಿಂದ್ರಪ್ಪನಿಂದಲ್ಲ ಎಂದು ಹೇಳಲು ಅವರಿಗೆ ಮೂರು ಸಲ ಬೇಕಾಯಿತು. ಮೊದಲ ಎರಡು ಸಲ ‘ನಮ್ಮಿಂದ’ ಎಂದರು, ಮೂರನೆಯ ಸಲ ‘ನನ್ನಿಂದ’. ಮಂಟಪದ ಹಾಲಿನ ಕೆಲಸ ಶುರುವಾಗಿ ಹೋಗಿದೆಯಂತೆ, ವರಾಂಡ ಬಾಕಿಯಿದೆ, ನಿಮ್ಮಪ್ಪ ನಾಳೆ ಹೋಗಿ ನೋಡಲಿ ಎಂದು ಬಂದು ಹೇಳಿದರು. ಇನ್ನೂ ಏನೋ ಹೇಳುವುದಿತ್ತು. ಮನೆಗೊಮ್ಮೆ ಬಾ, ನೆಲ ನೋಡಿಲ್ಲ ನೀನು, ಎಂದರು. ಬರ್ತೀನ್ರಿ ಸರ್ ಅಂದಳು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಅಪ್ಪ ಕೆಲಸ ಮಾಡುತ್ತಿದ್ದ ಚಂದಾಪುರಕ್ಕೆ ನಡೆದೇ ಹೋದಳು, ನಡೆದಳು ಎನ್ನುವುದಕ್ಕಿಂತ ಹಾರಿದಳು. ವಾಕ್ಯಗಳು ಈಗ ತಾವಾಗಿಯೇ ಕಟ್ಟಿಕೊಳ್ಳುತ್ತಿದ್ದವು. ಅಪ್ಪಾ, ಹೇಳಿದೆ. ಎಲ್ಲಾರ ಮುಂದ ಹೇಳಿದೆ. ಅಪ್ಪ ಗಾರೆಯ ಥಾಪಿ ಕೆಳಗಿಟ್ಟು ತನ್ನನ್ನು ನೋಡುವುದು, ಕಣ್ಣಲ್ಲಿ ನೀರು ಬರುವುದು, ಬಾರದಂತೆ ತಡೆಯುವುದು, ಎಲ್ಲವನ್ನೂ ದಾರಿಯಲ್ಲೇ ನೋಡಿ ಮುಗಿಸಿದಳು. ತರಕಾರಿ ಗಾಡಿಯವನು ಮಿರ್ಚಿಯ ದರ ಕೂಗುತ್ತಿದ್ದ, ತೆಲುಗಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಅವನಿಗೂ ಹೇಳಬೇಕು ಎನ್ನುವಷ್ಟು ಹಗುರಾಗಿದ್ದಳು. ಪೀರಮ್ಮ ಎನ್ನುವ ನಿವೃತ್ತ ನರ್ಸಿನ ಮನೆಯಲ್ಲಿ ಬಚ್ಚಲಿನ ನೆಲ ಕಿತ್ತು ಹೊಸದು ಹಾಕುವ ಕೆಲಸ. ದೇವಿಂದ್ರಪ್ಪ ಎದುರಿಗೆ ಕಟ್ಟಿದ ದಾರದ ಮೇಲೆ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮಗಳು ಉಸಿರು ಬಿಡದೆ ಹೇಳಿದ್ದನ್ನೆಲ್ಲ ಆ ಒಂದು ಕಣ್ಣು ಮುಚ್ಚಿಕೊಂಡೇ ಕೇಳಿದ. ಮುಗಿದ ಮೇಲೆ, ವರಾಂಡ ಎಷ್ಟು ಉದ್ದ ಎಂದ. ಗೊತ್ತಿಲ್ಲ ಎಂದಳು. ಹ್ಞೂಂ ಎಂದು, ಕೈ ಒರೆಸಿಕೊಂಡು, ನೀರು ಕುಡಿದ.

ಲುಂಬಿನಿ ಕಾದಳು. ಇನ್ನೇನೂ ಬರಲಿಲ್ಲ. ಆಗ ಅವಳೇ ಕೇಳಿದಳು, ಅವತ್ತು ಸರ್ ಮನೆಯಲ್ಲಿ ಕಡಿಮೆ ಬೀಳುತ್ತದೆ ಎಂದು ನಿನಗೆ ಗೊತ್ತಿತ್ತಲ್ಲ, ನನ್ನ ಸಲುವಾಗಿ ಸುಮ್ಮನಿದ್ದೆಯಲ್ಲ ಎಂದು. ಕೇಳುವಾಗ ಉತ್ತರವೂ ಅವಳ ಹತ್ತಿರವೇ ಇತ್ತು. ಅಪ್ಪ ಹೌದು ಎಂದರೆ ಸಾಕಿತ್ತು.

“ಇಲ್ಲವ್ವಾ,” ಎಂದ ದೇವಿಂದ್ರಪ್ಪ. “ನನ್ನ ಮನಸಿಗೆ ಎರಡ್ನೂರಾ ಮೂವತ್ತಂತಿತ್ತು. ಆದ್ರ ಮಿಷಿನ್ ಹೇಳ್ಲಿಕತ್ತದ, ಖರೇನೇ ಇರ್ಬೇಕು ಅನಸ್ತು. ಇಷ್ಟು ವರ್ಷ ಮಂದಿ ಕೈಲಿ ಸುಮ್ ಸುಮ್ನ ಹೆಚ್ಚಿಗಿ ಕಲ್ಲು ತರಸೀನೇನೋ ಅಂತ ಎರಡು ದಿನ ಅದೇ ಚಿಂತಿ ನನಗ.”

ಅವನು ಅದನ್ನು ಬಹಳ ಸಲೀಸಾಗಿ ಹೇಳಿದ. ಲುಂಬಿನಿ ಗೋಡೆಗೆ ಆತುಕೊಂಡಳು. ಇಷ್ಟು ದಿನ ಅಪ್ಪನ ಮೌನವನ್ನು ತನಗೆ ಕೊಟ್ಟ ಉಡುಗೊರೆಯೆಂದು ಒಳಗೇ ಬಿಚ್ಚಿ ಬಿಚ್ಚಿ ನೋಡಿಕೊಂಡಿದ್ದಳು. ಅದು ತನ್ನದಾಗಿರಲೇ ಇಲ್ಲ. ಮಗಳ ಮುಖ ನೋಡಿದ್ದು ಪ್ರೀತಿಯಿಂದಲ್ಲ, ಓದಿದವಳಿಗೆ ಗೊತ್ತಿರುತ್ತದೆ ಎಂದು. ಆಮೇಲೆ ಆ ಎರಡು ದಿನ ಅವನು ಊಟಕ್ಕೆ ಕೂತಲ್ಲಿ, ಮಲಗಿದಲ್ಲಿ, ತಾನು ಮೂವತ್ತು ವರ್ಷ ಹಾಸಿದ ಮನೆಗಳನ್ನೆಲ್ಲ ಒಂದೊಂದಾಗಿ ನೆನೆದು, ಯಾರ ಮನೆಯಲ್ಲಿ ಎಷ್ಟು ಕಲ್ಲು ವ್ಯರ್ಥ ಮಾಡಿದೆನೋ ಎಂದು ಕೊರಗಿದ್ದಾನೆ. ಎದುರಿಗೇ ಕೂತು ಅವಳು ಪ್ರಾಜೆಕ್ಟಿನ ಮುಖಪುಟಕ್ಕೆ ಬಣ್ಣ ತುಂಬುತ್ತಿದ್ದಳು. ಅವಳು ಹೊರಗೆ ನೋಡಿದಳು, ಸುಮ್ಮನೆ, ಕಣ್ಣಿಗೆ ಒಂದು ಜಾಗ ಬೇಕೆಂದು. ಅಂಗಳದಲ್ಲಿ ಗೋಡೆಗೆ ಒರಗಿಸಿ ಕಲ್ಲು ಪೇರಿಸಿಟ್ಟಿತ್ತು. ಬಚ್ಚಲು ಎಂಟಡಿಗೆ ಆರಡಿ. ಹನ್ನೆರಡು ಕಲ್ಲು, ಮೂಲೆ ತಿನ್ನುವುದಕ್ಕೆ ಇನ್ನೊಂದು, ಹದಿಮೂರು. ನೆಲದ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಹೊರಗೆ ಇನ್ನೂ ಹನ್ನೊಂದು ಇದ್ದವು.

ಇಷ್ಟ್ಯಾಕ ತರಸೀದಿ ಎಂದು ಕೇಳಿದಳು. ಕಡಿಮಿ ಬೀಳಬಾರದಲ್ಲ ಎಂದ ಅಪ್ಪ, ದಾರ ಸುತ್ತುತ್ತ, ಅವಳ ಕಡೆ ನೋಡದೆ. ಬಾಗಿಲಲ್ಲಿ ನಿಂತು, ಕತ್ತು ಹೊರಳಿಸಿ, ಒಂದೇ ಸಂಖ್ಯೆ ಹೇಳುತ್ತಿದ್ದ ಮನುಷ್ಯ.

ಅಷ್ಟರಲ್ಲಿ ಪೀರಮ್ಮ ಚಹಾ ಹಿಡಿದು ಬಂದರು. ಅಂಗಳದ ಕಲ್ಲು ನೋಡಿ, ಇವು ಉಳಿದವೇನು ಎಂದು ಕೇಳಿದರು. ದೇವಿಂದ್ರಪ್ಪ ಚಹಾದ ಕಪ್ಪು ತೆಗೆದುಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಉಳಿದಿದ್ದರೆ ಇಲ್ಲೇ ಬಿಡ್ರಿ, ಅಂದರು ಪೀರಮ್ಮ. ನಲ್ಲಿಯ ಬುಡದಲ್ಲಿ ಬಟ್ಟೆ ಒಗೆಯಲು ಒಂದು ಕಟ್ಟೆ ಬೇಕೆಂದು ಮಗನಿಗೆ ನಾಲ್ಕು ವರ್ಷದಿಂದ ಹೇಳುತ್ತಿದ್ದಾರಂತೆ, ಅವನ ಕಿವಿಗೆ ಹೋಗಿಲ್ಲ.

“ಅದಕ್ಕಂತನೇ ತರಸೀನ್ರಿ,” ಎಂದ ದೇವಿಂದ್ರಪ್ಪ.

ಅಪ್ಪ ಸುಳ್ಳು ಹೇಳಿದ್ದನ್ನು ಲುಂಬಿನಿ ಕೇಳಿದ್ದು ಅದೇ ಮೊದಲು. ಎಷ್ಟು ಗಂಭೀರವಾಗಿ ಹೇಳಿದನೆಂದರೆ ಅವಳು ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದಳು. ಪೀರಮ್ಮ ಬೆನ್ನು ತಟ್ಟಿ ಒಳಗೆ ಹೋದರು. ಅಪ್ಪ ಮಗಳು ಇಬ್ಬರೂ ಸ್ವಲ್ಪ ಹೊತ್ತು ನೆಲ ನೋಡಿದರು, ಆಮೇಲೆ ಅವನ ಭುಜ ಕುಲುಕಲು ಶುರುವಾಯಿತು, ಸದ್ದಿಲ್ಲದೆ. ಅವಳೂ ನಕ್ಕಳು. ಕಟ್ಟೆಯ ಅಳತೆಗೆ ಅವಳು ಫೋನ್ ತೆಗೆಯಲಿಲ್ಲ, ಅವನೂ ಕೇಳಲಿಲ್ಲ. ಗಟ್ಟಿಯಿದ್ದವು ಬೇರೆ, ಬಿರುಕಿದ್ದವು ಬೇರೆ ಆರಿಸಬೇಕು, ಹಿಡಿ ಎಂದು ಅವನು ಎರಡು ಕಲ್ಲು ನಿಲ್ಲಿಸಿ ಅವಳ ಕೈಗೆ ಕೊಟ್ಟ. ಥಾಪಿಯ ಮರದ ಹಿಡಿಯಿಂದ ಒಂದಕ್ಕೆ ಬಡಿದ. ಆಮೇಲೆ ಇನ್ನೊಂದಕ್ಕೆ. ಎರಡರಲ್ಲಿ ಒಂದು ಒಳಗೇ ಒಡೆದಿದೆ, ಯಾವುದು ಹೇಳು ಎಂದ.

ಲುಂಬಿನಿ ಕಲ್ಲುಗಳನ್ನು ನೋಡಿದಳು. ಎರಡೂ ಒಂದೇ ಬೂದು ಬಣ್ಣ, ಒಂದೇ ನುಣುಪು, ಎಲ್ಲಿಯೂ ಗೆರೆಯಿಲ್ಲ. ಇನ್ನೊಮ್ಮೆ ಬಡಿ ಎಂದಳು. ಅವನು ಬಡಿದ. ಊಹಿಸಿ ಹೇಳಬಹುದಿತ್ತು, ಎರಡರಲ್ಲಿ ಒಂದು ಸರಿಯಾಗಲೇಬೇಕು.

“ಎರಡೂ ಒಂದೇ ಥರಾ ಕೇಳಸ್ತಪ್ಪಾ,” ಎಂದಳು.

ದೇವಿಂದ್ರಪ್ಪ ಕೈ ತಡೆದು ಅವಳ ಮುಖ ನೋಡಿದ, ನಿಜವಾಗಿಯೂ ನಂಬಲಾಗದವನಂತೆ. ಎಡಗಡೆಯದು ಕೂಗಿ ಹೇಳುತ್ತಿದೆಯಲ್ಲ, ಇಷ್ಟು ಕೇಳುವುದಿಲ್ಲವೇ ನಿನಗೆ, ಪಿಯುಸಿ ಓದಿದ ಕಿವಿಗೆ, ಎಂದು ಬೈದ. ಬೈಗುಳದಲ್ಲಿ ಎಷ್ಟೋ ತಿಂಗಳಿಂದ ಅವನ ಬಾಯಲ್ಲಿ ಇಲ್ಲದ ಒಂದು ಬಿಗಿಯಿತ್ತು. ಎಡಗಡೆಯ ಕಲ್ಲನ್ನು ಕಟ್ಟೆಯ ಬುಡಕ್ಕೆಂದು ಅತ್ತ ಎಸೆದು, ಇನ್ನೊಂದು ಎತ್ತಿ ನಿಲ್ಲಿಸಿ, ಅಂಗಿಯ ತೋಳು ಮೇಲೆ ಸರಿಸಿಕೊಂಡ. ಲುಂಬಿನಿ ಮೊಣಕಾಲೂರಿ ಕೂತು ಕಲ್ಲಿನ ಹತ್ತಿರ ಕಿವಿ ಒಯ್ದಳು.